ಹೆಬ್ಬೆರಳಿಗೆ ಕಟ್ಟಿದ ದಾರ

"ಲೋ ಬೋಳಿಮಗನೇ, ಕಿವಿಗೇನು ಸೀಸ ಕಾಯಿಸಿ ಹೊಯ್ದಿದ್ದಾರೇನೋ? ಆಗಿಂದ ಹಾರ್ನ್ ಬಡ್ಕೋತಿದೀನಿ, ಗೇಟಿಗೆ ತಿಕ ತೋರಿಸ್ಕೊಂಡು ಗಿಡಕ್ಕೆ ನೀರು ಬಿಡ್ತಾ ನಿಂತಿದೀಯಲ್ಲ!"

ನಾಲ್ಕನೇ ಮಹಡಿಯಿಂದ ಬಟ್ಟೆ ಗಂಟು ಹೊತ್ತು ಇಳಿಯುತ್ತಿದ್ದ ಇಸ್ತ್ರಿಯವಳಿಗೆ ಆ ದನಿ ಮೆಟ್ಟಿಲ ತಿರುವಿನಲ್ಲೇ ಎದೆಗೆ ಗುದ್ದಿತು. ಕೂಗುತ್ತಿದ್ದವನು ಬಿಲ್ಡಿಂಗಿನ ಸೆಕ್ರೆಟರಿ. ಬೈಸಿಕೊಳ್ಳುತ್ತಿದ್ದವನು ಯಾರೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಗೇಟು ಕಾಯಲು ಇದ್ದವನು ಒಬ್ಬನೇ, ಅವಳ ಗಂಡ. ಗಂಟನ್ನು ಅಲ್ಲೇ ಎಸೆದು ಎರಡೆರಡು ಮೆಟ್ಟಿಲು ಹಾರಿದಳು. ಐದು ನಿಮಿಷ. ಬರೀ ಐದು ನಿಮಿಷ ದಾರ ಬಿಟ್ಟು ಹೋಗಿದ್ದಳು.

ಗೇಟಿನ ಹತ್ತಿರ ಆಗಲೇ ಜನ ಸೇರಿದ್ದರು. ಶಾಲೆಯ ವ್ಯಾನಿಗೆ ಕಾದಿದ್ದ ಇಬ್ಬರು ತಾಯಂದಿರು, ಹಾಲಿನವನು, ಕಾರು ಒರೆಸುವವನು, ಕಸ ಗುಡಿಸುವ ಮುದುಕಿ. ಸೆಕ್ರೆಟರಿ ಕಾರಿನಿಂದ ಇಳಿದು ಸೊಂಟಕ್ಕೆ ಕೈಕೊಟ್ಟು ನಿಂತಿದ್ದ. ಅವನೆದುರು ಅವಳ ಗಂಡ, ಊರಿಗೆಲ್ಲ ಮಿಲಿಟರಿ, ಹಿಮ್ಮಡಿ ಕೂಡಿಸಿ ಎದೆ ಸೆಟೆಸಿ ನಿಂತಿದ್ದ. ಕೈಯ ಪೈಪಿನ ನೀರು ಅವನ ಬೂಟಿನ ಮೇಲೇ ಸುರಿಯುತ್ತಿತ್ತು. ಕಣ್ಣು ಮಾತ್ರ ಸೆಕ್ರೆಟರಿಯ ತುಟಿ ಬಿಟ್ಟು ಕದಲುತ್ತಿರಲಿಲ್ಲ. ಬೈಗುಳವನ್ನು ಅವನು ಕಣ್ಣಿನಿಂದ ಕೇಳುತ್ತಿದ್ದ.

"ದೇಶ ಕಾಯ್ದವನು, ಗೇಟು ಕಾಯಲ್ವಾ ಅಂತ ಇಟ್ಕೊಂಡ್ವಿ," ಸೆಕ್ರೆಟರಿ ತಾಯಂದಿರ ಕಡೆ ತಿರುಗಿ ನಕ್ಕ. "ಇವನ ಬದಲು ಒಂದು ಕತ್ತೆ ಕಟ್ಟಿದ್ರೆ ಹಾರ್ನ್ ಹೊಡೆದಾಗ ಕಿವಿನಾದ್ರೂ ನಿಮಿರಿಸ್ತಿತ್ತು."

ಮುಖ ಅತ್ತ ತಿರುಗಿದ್ದರಿಂದ ಆ ಮಾತು ಮಿಲಿಟರಿಗೆ ಸಿಗಲಿಲ್ಲ. ಸೆಕ್ರೆಟರಿ ಮತ್ತೆ ಇತ್ತ ತಿರುಗಿ, "ಅಲ್ವೇನೋ?" ಎಂದ.

"ಹೌದು ಸಾರ್!" ಎಂದ ಮಿಲಿಟರಿ, ಕವಾಯತು ಮೈದಾನದ ಗಂಟಲಲ್ಲಿ.

ಜನ ಗೊಳ್ಳೆಂದರು. ಎಲ್ಲರೂ ನಗುವುದು ಕಂಡು ಅವನೂ ಚೂರು ನಕ್ಕ.

"ಸ್ವಾಮಿ, ತಪ್ಪಾಯ್ತು. ನೀರಿನ ಸದ್ದಲ್ಲಿ ಕೇಳಿಸಿರಲ್ಲ," ಎಂದು ಇಸ್ತ್ರಿಯವಳು ನಡುವೆ ನುಗ್ಗಿದಳು.

"ನೀನು ಬಾಯಿ ಮುಚ್ಚಮ್ಮ. ಎರಡು ತಿಂಗಳಲ್ಲಿ ಇದು ನಾಲ್ಕನೇ ಸಲ. ಕಿವುಡನ್ನ ಸಾಕೋಕೆ ಇದೇನು ಅನಾಥಾಶ್ರಮ ಅಲ್ಲ. ಸೋಮವಾರದೊಳಗೆ ಕಿವಿ ಸರಿಯಿದೆ ಅಂತ ಡಾಕ್ಟರ ಕಾಗದ ತಂದ್ಕೊಡ್ಲಿ. ಇಲ್ಲಾಂದ್ರೆ ಪಂಪಿನ ಕೋಣೆ ಖಾಲಿ ಮಾಡ್ಕೊಂಡು ನಡೀರಿ. ನಿನ್ನ ಗಾಡೀನೂ ಎತ್ತು ಇಲ್ಲಿಂದ."

ಪಂಪಿನ ಕೋಣೆಯೇ ಅವರ ಮನೆ. ನೀರೆತ್ತುವ ಮೋಟಾರು ಓಡುವಾಗ ಗೋಡೆ ನಡುಗಿ, ನೆಲದ ಮೇಲಿಟ್ಟ ತಟ್ಟೆ ತಾನೇ ನಡೆದು ಬಾಗಿಲ ತನಕ ಬರುತ್ತಿತ್ತು. 'ಇಬ್ಬರಲ್ಲಿ ಒಬ್ಬರಿಗಾದ್ರೂ ನಿದ್ದೆ ಬರುತ್ತಲ್ಲ ಬಿಡಿ' ಎಂದು ಅವಳೇ ಗಂಡನ ಜೊತೆ ನಗೆಯಾಡುತ್ತಿದ್ದಳು. ಈಗ ಆ ಗೋಡೆಯೂ ಕೈಬಿಡುವ ಹಾಗಿತ್ತು.

ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. ಶುಕ್ರವಾರ ಮಿಲಿಟರಿ ಆಸ್ಪತ್ರೆಯಲ್ಲಿ ಪರೀಕ್ಷೆ. ಅಲ್ಲಿ ಕಿವಿ ಹಾಳಾಗಿದೆಯೆಂದು ಕಾಗದ ಸಿಗಬೇಕು, ಸಿಕ್ಕರೆ ಯುದ್ಧದ ಗಾಯದ ಪರಿಹಾರ, ಅದು ಬಂದರೆ ಬೇರೆಲ್ಲಾದರೂ ಒಂದು ಬಾಡಿಗೆ ಕೋಣೆ. ಸೋಮವಾರ ಈ ಗೇಟಿನಲ್ಲಿ. ಇಲ್ಲಿ ಕಿವಿ ಸರಿಯಿದೆಯೆಂದು ಕಾಗದ ಕೊಡಬೇಕು. ಒಂದೇ ತಲೆ, ಎರಡೇ ಕಿವಿ.

*

ದಾರದ ಉಪಾಯ ಅವನದೇ. ಗೇಟಿನ ಹೊರಗೆ ಗೋಡೆಗೊರಗಿ ಅವಳ ಇಸ್ತ್ರಿ ಗಾಡಿ, ಒಳಗೆ ಅವನ ಪ್ಲಾಸ್ಟಿಕ್ ಸ್ಟೂಲು. ಬಟ್ಟೆ ಒಣಹಾಕುವ ನೈಲಾನ್ ದಾರದ ಒಂದು ತುದಿ ಗಾಡಿಯ ಕಾಲಿಗೆ, ಇನ್ನೊಂದು ತುದಿ ಗೇಟಿನ ಸರಳಿನ ಸಂದಿಯಿಂದ ಹಾದು ಅವನ ಎಡಗೈ ಹೆಬ್ಬೆರಳಿಗೆ. ಒಂದು ಸಲ ಎಳೆದರೆ ಕಾರು ಬಂತು. ಎರಡು ಸಲ ಎಳೆದರೆ ಸೆಕ್ರೆಟರಿ ಬಂದ, ಎದ್ದು ನಿಲ್ಲು. ಮೂರು ಸಲ ಎಳೆದರೆ ಯಾರೋ ಮಾತಾಡಿಸುತ್ತಿದ್ದಾರೆ, ಉತ್ತರ ಕೊಡು. ಮೂರು ವರ್ಷದಿಂದ ಹೀಗೇ ನಡೆದಿತ್ತು. ಬಟ್ಟೆ ಇಸಿದುಕೊಳ್ಳಲು, ಕೊಡಲು ಅವಳು ಮಹಡಿ ಹತ್ತಿದಾಗ ಮಾತ್ರ ದಾರ ಸತ್ತು ಬಿದ್ದಿರುತ್ತಿತ್ತು.

"ತೋಪಿಗೂ ಹಿಂಗೇ ಒಂದು ದಾರ ಇರ್ತಿತ್ತು ಕಣೇ," ಎಂದಿದ್ದ ಕಟ್ಟಿದ ದಿನ. "ನಾನು ಎಳೆದ್ರೆ ಅದು ಢಂ ಅಂತಿತ್ತು. ಈಗ ನೀನು ಎಳಿ, ನಾನು ಢಂ ಅಂತೀನಿ."

ಗಡಿಯ ಗುಡ್ಡದ ಮೇಲೆ ಹನ್ನೊಂದು ದಿನ ಅವನು ಆ ದಾರ ಎಳೆದಿದ್ದ. ಕಿವಿಗೆ ತುರುಕಿಕೊಳ್ಳಲು ಕೊಟ್ಟಿದ್ದ ಹತ್ತಿಯನ್ನು ಮೂರನೇ ದಿನ ವಾಪಸು ಇಸಿದುಕೊಂಡರು, ಗಾಯಗಳಿಗೆ ಸಾಲುತ್ತಿರಲಿಲ್ಲ. ಹನ್ನೊಂದನೇ ದಿನ ಮಧ್ಯಾಹ್ನ ಇದ್ದಕ್ಕಿದ್ದಂತೆ ಎಲ್ಲ ತಣ್ಣಗಾಯಿತು. ಯುದ್ಧ ನಿಂತಿತು ಅಂದುಕೊಂಡು ಅವನು ಗೆಳೆಯನ ಕಡೆ ನೋಡಿ ನಕ್ಕನಂತೆ. ನೋಡಿದರೆ ತೋಪು ಇನ್ನೂ ಒದೆಯುತ್ತಿತ್ತು, ಗೆಳೆಯನ ಬಾಯಿ ಇನ್ನೂ ಕೂಗುತ್ತಿತ್ತು. ಸದ್ದಿದ್ದ ಜಾಗದಲ್ಲಿ ಒಂದು ಸೀಟಿ ಉಳಿದುಕೊಂಡಿತು. ಸಣ್ಣಗೆ, ಕುಕ್ಕರು ಕೂಗುವ ಹಾಗೆ, ಒಮ್ಮೆ ಏರಿ ಒಮ್ಮೆ ಇಳಿದು. ಅದು ಇವತ್ತಿಗೂ ನಿಂತಿಲ್ಲ.

ಆಗಲೇ ಮನೆಗೆ ಕಳಿಸಬೇಕಿತ್ತು. ಮೇಜರ್ ಸಾಹೇಬ ಬಿಡಲಿಲ್ಲ. "ಗುರಿ ಹಿಡಿಯೋದು ಕಣ್ಣಲ್ಲಿ, ಕಿವಿ ಯಾಕಯ್ಯ ನಿಂಗೆ?" ಎಂದು ಬೆನ್ನು ತಟ್ಟಿದ. ವರ್ಷಕ್ಕೊಮ್ಮೆ ಗಾಜಿನ ಗೂಡಿನಲ್ಲಿ ಕೂರಿಸಿ ಕಿವಿ ನೋಡುತ್ತಾರಲ್ಲ, ಅದಕ್ಕೊಂದು ದಾರಿಯನ್ನೂ ತೋರಿಸಿಕೊಟ್ಟ. ಸದ್ದು ಬಿಡುವವನ ಭುಜ ನೋಡು. ಭುಜ ತಗ್ಗಿತಾ, ಗುಂಡಿ ಒತ್ತು. ಹದಿನಾಲ್ಕು ವರ್ಷ ಮಿಲಿಟರಿ ಹಾಗೇ ಒತ್ತಿದ. ಹದಿನಾಲ್ಕು ವರ್ಷ ಅವನ ಕಡತದಲ್ಲಿ 'ಕಿವಿ: ಸರಿ' ಎಂದು ಬಿತ್ತು. ತುಟಿ ಓದುವುದನ್ನು ಕಲಿತ. ಪಕಾರ, ಬಕಾರ, ಮಕಾರ ಮೂರೂ ತುಟಿಯ ಮೇಲೆ ಒಂದೇ ಅನ್ನುವುದೊಂದೇ ಅವನಿಗೆ ಬಗೆಹರಿಯದ ಕಷ್ಟ. ಒಮ್ಮೆ ಅವಳು ಹಾಲಿನ ಪ್ಯಾಕೆಟ್ ತನ್ನಿ ಅಂದರೆ ಅಂಗಡಿಗೆ ಹೋಗಿ ಕೆಂಪು ಬಕೆಟ್ ಹಿಡಿದುಕೊಂಡು ಬಂದಿದ್ದ. "ಇಷ್ಟು ಹಾಲು ಯಾರು ಕುಡೀತಾರೆ ಅಂತ ನಾನೂ ಯೋಚಿಸ್ದೆ," ಎಂದಿದ್ದ ಪೆಚ್ಚಾಗಿ. ಆ ಬಕೆಟ್ಟಿನಲ್ಲೇ ಅವಳು ಈಗ ಇದ್ದಿಲು ತುಂಬಿಡುತ್ತಾಳೆ.

*

ಶುಕ್ರವಾರ ಬಸ್ಸಿನಲ್ಲಿ ಅವಳು ಅವನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಮತ್ತೆ ಮತ್ತೆ ಹೇಳಿದಳು. "ಭುಜ ನೋಡ್ಬೇಡಿ. ಕಣ್ಣು ಮುಚ್ಕೊಂಡು ಕೂತ್ಕೊಳ್ಳಿ. ಕೇಳಿಸಿದ್ರೆ ಮಾತ್ರ ಒತ್ತಿ. ಗೊತ್ತಾಯ್ತಾ?"

"ಫೇಲಾಗಿ ಬಾ ಅಂತ ಹೆಂಡ್ತಿ ಹರಸಿ ಕಳ್ಸಿದ್ದು ಈ ಪ್ರಪಂಚದಲ್ಲಿ ನನ್ನೊಬ್ಬನನ್ನೇ ಇರ್ಬೇಕು."

"ಹೂಂ, ಚೆನ್ನಾಗಿ ಫೇಲಾಗಿ."

ಆಸ್ಪತ್ರೆಯ ಪಕ್ಕದಲ್ಲೇ ಪರಿಹಾರದ ಕಚೇರಿ. ಚೀಟಿ ಕೊಡುವ ಗುಮಾಸ್ತ ಅರ್ಜಿ ತಿರುವಿ, ಕನ್ನಡಕದ ಮೇಲಿನಿಂದ ಮಿಲಿಟರಿಯ ತಲೆ ನೋಡಿದ.

"ಯುದ್ಧದ ಗಾಯ ಅಂತ ಬರೆದಿದೀಯ. ಎರಡೂ ಕಿವಿ ಜೊತೆಗೇ ತಂದಿದೀಯಲ್ಲಪ್ಪ! ಹಿಂದಿನವನು ನೋಡು, ಕಾಲೇ ಬಿಟ್ಟು ಬಂದಿದಾನೆ."

ಸಾಲಿನಲ್ಲಿ ಊರುಗೋಲು ಹಿಡಿದವನೊಬ್ಬ ತಲೆ ತಗ್ಗಿಸಿದ.

"ಶತ್ರು ಹೊಡೆದ ಗುಂಡಿಗೆ ಹೋಯ್ತೋ, ನಮ್ಮ ತೋಪಿಗೇ ಹೋಯ್ತೋ?"

"ನಮ್ಮದಕ್ಕೇ ಸಾರ್."

"ಮತ್ತೆ ಹೊಡೆದದ್ದು ನೀನೇ, ಕಿವುಡಾದದ್ದೂ ನೀನೇ. ನಿನ್ನ ಮೇಲೆ ನೀನೇ ಪರಿಹಾರ ಕೇಳ್ತೀಯಾ?" ಗುಮಾಸ್ತ ತನ್ನ ಮಾತಿಗೆ ತಾನೇ ಖುಷಿಯಾಗಿ ಚೀಟಿ ಹರಿದುಕೊಟ್ಟ. "ಹೋಗು, ಹೋಗು. ಕಿವಿ ಡಾಕ್ಟರು ಏನು ಬರೀತಾರೋ ಅದೇ. ನಂದೇನಿಲ್ಲ."

ಪರೀಕ್ಷೆಯ ಕೋಣೆಯೊಳಗೆ ಗಾಜಿನ ಗೂಡು, ಅದರೊಳಗೆ ಒಂದು ಕುರ್ಚಿ. ನೀಲಿ ಕೋಟಿನ ಹುಡುಗಿ ಮಿಲಿಟರಿಯ ತಲೆಗೆ ಹೆಡ್‌ಫೋನ್ ಸಿಕ್ಕಿಸಿ, ಕೈಗೆ ವೈರಿನ ತುದಿಯ ಗುಂಡಿ ಕೊಟ್ಟು, ಹೊರಗೆ ಮಷೀನಿನ ಮುಂದೆ ಕುಳಿತಳು. ಇಸ್ತ್ರಿಯವಳು ಗೋಡೆ ಬದಿಯ ಬೆಂಚಿನಲ್ಲಿ. ಮೂಲೆಯಲ್ಲಿ ಇನ್ನೊಂದು ಮಷೀನು ಹಳೇ ಬೆಡ್‌ಶೀಟು ಹೊದ್ದು ಮಲಗಿತ್ತು.

ಅವನು ಅವಳ ಕಡೆ ಒಮ್ಮೆ ನೋಡಿ, ಹೇಳಿದ ಹಾಗೇ ಕಣ್ಣು ಮುಚ್ಚಿದ. ಅವಳ ಎದೆ ಹಗುರಾಯಿತು. ಹುಡುಗಿಯ ಭುಜ ತಗ್ಗಿತು. ಅವನ ಬೆರಳು ಅಲ್ಲಾಡಲಿಲ್ಲ. ಮತ್ತೆ ತಗ್ಗಿತು. ಅಲ್ಲಾಡಲಿಲ್ಲ. ಹಂಗೇ ಇರಿ, ಹಂಗೇ ಇರಿ ಎಂದು ಅವಳು ಒಳಗೇ ಅಂದುಕೊಳ್ಳುತ್ತಿದ್ದಳು.

ಹುಡುಗಿ ಪುಟ ತಿರುವಲು ಕೈ ತೆಗೆದಳು. ಆಗ ಅವನು ಗುಂಡಿ ಒತ್ತಿದ.

ಮಷೀನು ಸುಮ್ಮನಿತ್ತು. ಹುಡುಗಿ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದಳು. ಅವನು ಮತ್ತೆ ಒತ್ತಿದ. ಸ್ವಲ್ಪ ತಡೆದು ಮತ್ತೆ. ಹುಬ್ಬು ಗಂಟಿಕ್ಕಿ, ತಲೆ ಒಂದು ಪಕ್ಕಕ್ಕೆ ವಾಲಿಸಿ, ಬಹಳ ಗಮನವಿಟ್ಟು ಕೇಳಿ ಕೇಳಿ ಒತ್ತುತ್ತಿದ್ದ.

ಇಸ್ತ್ರಿಯವಳಿಗೆ ಆಗ ಹೊಳೆಯಿತು. ಸೀಟಿ. ಅವನೊಳಗಿನ ಸೀಟಿ ಏರಿದಾಗೆಲ್ಲ ಮಷೀನಿನ ಸದ್ದೆಂದು ಒತ್ತುತ್ತಿದ್ದಾನೆ. ಕೇಳಿಸಿದರೆ ಒತ್ತಿ ಎಂದು ಅವಳೇ ಹೇಳಿದ್ದಳು. ಅವನಿಗೆ ಕೇಳಿಸುತ್ತಿತ್ತು.

ಅವಳ ಕೈ ಮಡಿಲಲ್ಲಿ ದಾರಕ್ಕಾಗಿ ತಡಕಾಡಿತು. ದಾರವಿರಲಿಲ್ಲ. ಎದ್ದು ಹೋಗಿ ಗಾಜಿಗೆ ಬಡಿದಳು. ಅವನ ಕಣ್ಣು ತೆರೆಯಲಿಲ್ಲ.

"ಏಯಮ್ಮ! ಗಂಡನಿಗೆ ಉತ್ತರ ಹೇಳ್ಕೊಡ್ತೀಯಾ?" ಒಳಬಂದ ಡಾಕ್ಟರು ಗದರಿದರು. ಜವಾನ ಅವಳ ರಟ್ಟೆ ಹಿಡಿದು ಬೆಂಚಿಗೆ ತಳ್ಳಿದ. ಡಾಕ್ಟರು ಹುಡುಗಿಯ ಹಾಳೆ ನೋಡಿದರು. ಸದ್ದು ಬಿಟ್ಟಲ್ಲಿ ಒತ್ತಿಲ್ಲ, ಬಿಡದಲ್ಲಿ ಒತ್ತಿದ್ದಾನೆ. ಗೂಡಿನ ಬಾಗಿಲು ತೆಗೆದು ಮಿಲಿಟರಿಯ ಭುಜ ಅಲುಗಿಸಿ, "ಕಣ್ಣು ಬಿಡು. ಮತ್ತೆ ಮುಚ್ಚಿದ್ರೆ ಆಚೆ ದಬ್ಬಿಸ್ತೀನಿ," ಎಂದರು.

ಕಣ್ಣು ಬಿಟ್ಟ. ಮುಂದೆ ಹುಡುಗಿಯ ಭುಜ. ಪಕ್ಕದಲ್ಲಿ ಬಿಳಿ ಕೋಟಿನ ಮೇಲಧಿಕಾರಿ. ಹುಡುಗಿಯ ಭುಜ ತಗ್ಗಿತು, ಅವನ ಬೆರಳು ಒತ್ತಿತು. ತಗ್ಗಿತು, ಒತ್ತಿತು. ಅವನ ಮುಖ ಬೇಡ ಬೇಡ ಅನ್ನುತ್ತಿತ್ತು, ಹಣೆಯಲ್ಲಿ ಬೆವರು ಹನಿಯುತ್ತಿತ್ತು. ಬೆರಳು ಮಾತ್ರ ಹದಿನಾಲ್ಕು ವರ್ಷದ ಆಳು, ಹೇಳಿದ ಮಾತು ಮೀರಲಿಲ್ಲ. ಒಂದೂ ತಪ್ಪಲಿಲ್ಲ.

"ಕಣ್ಣು ಮುಚ್ಚಿದ್ರೆ ಕಿವುಡ, ತೆಗೆದ್ರೆ ನಾಯಿ ಕಿವಿ!" ಡಾಕ್ಟರು ನಕ್ಕರು.

"ಅವ್ರು ಆ ತಾಯಿ ಭುಜ ನೋಡಿ ಒತ್ತೋದು ಡಾಕ್ಟ್ರೇ," ಇಸ್ತ್ರಿಯವಳು ಕೈಮುಗಿದಳು. "ಮಧ್ಯೆ ಒಂದು ಪರದೆ ಕಟ್ಟಿ ನೋಡಿ. ನನ್ನ ಸೆರಗೇ ಹಿಡೀತೀನಿ ಬೇಕಾದ್ರೆ."

"ನಂಗೆ ಕೆಲಸ ಕಲಿಸ್ತೀಯಾ ನೀನು?"

"ಗುಂಡಿ ಒತ್ತೋದೇ ಬೇಡದ ಮಷೀನಿದೆಯಲ್ಲ ಡಾಕ್ಟರ್..." ಹುಡುಗಿ ಬೆಡ್‌ಶೀಟಿನ ಕಡೆ ನೋಡುತ್ತ ಮೆಲ್ಲಗೆ ಅಂದಳು.

"ಅದು ಕೆಟ್ಟು ವರ್ಷ ಆಯ್ತು. ಇಂಥ ಕಳ್ಳರಿಗೋಸ್ಕರ ರಿಪೇರಿ ಮಾಡಿಸ್ಲಾ?" ಡಾಕ್ಟರು ಮಿಲಿಟರಿಯ ಮುಖಕ್ಕೆ ಮುಖ ಕೊಟ್ಟು ಒಂದೊಂದೇ ಮಾತು ಬಿಡಿಸಿ ಕೇಳಿದರು. "ಯೂನಿಫಾರ್ಮ್ ಹಾಕ್ದವನು. ಸುಳ್ಳು ಹೇಳೋಕೆ ನಾಚ್ಕೆ ಆಗಲ್ವಾ?"

ಮಿಲಿಟರಿ ಎದ್ದು ಹಿಮ್ಮಡಿ ಕೂಡಿಸಿದ. "ಆಗುತ್ತೆ ಸಾರ್."

ಅದನ್ನೂ ಅವರು ಬರೆದುಕೊಂಡರು.

ಮತ್ತೆ ಪರಿಹಾರದ ಕಚೇರಿಗೆ ಬಂದಾಗ ಗುಮಾಸ್ತ ಡಾಕ್ಟರ ಕಾಗದ ಗಟ್ಟಿಯಾಗಿ ಓದಿದ. 'ಎರಡೂ ಕಿವಿ ಸರಿಯಾಗಿವೆ. ಅರ್ಜಿದಾರ ಕಿವುಡುತನದ ಸೋಗು ಹಾಕಿದ್ದಾನೆ.' ಅರ್ಜಿಯ ಮೇಲೆ ಮೊಹರು ಕುಟ್ಟಿ ಒಂದು ಪ್ರತಿಯನ್ನು ಕಿಂಡಿಯಿಂದ ಹೊರಗೆ ತಳ್ಳಿದ. ಮಿಲಿಟರಿ ಅದನ್ನು ಮುಷ್ಟಿಯಲ್ಲಿ ಉಂಡೆ ಮಾಡಿ ಹಿಡಿದುಕೊಂಡ. ಬಸ್ಸಿನಲ್ಲಿ ಬರುವಷ್ಟು ಹೊತ್ತೂ ಅವನು ಮುಖ ಕಿಟಕಿಗೆ ಕೊಟ್ಟಿದ್ದ. ಮುಖ ತಿರುಗಿಸಿದರೆ ಅವಳು ಏನಾದರೂ ಹೇಳಿಬಿಡುತ್ತಾಳೆ ಎಂದು.

*

ಆ ಉಂಡೆಯನ್ನು ಅವಳು ಮಾರನೇ ದಿನ ಅವನ ಅಂಗಿಯ ಜೇಬಿನಿಂದ ತೆಗೆದಳು. ಗಾಡಿಯ ಮೇಲೆ ಹರವಿ, ನೀರು ಚಿಮುಕಿಸಿ, ಮೇಲೊಂದು ತೆಳು ಬಟ್ಟೆ ಹಾಸಿ ಇಸ್ತ್ರಿ ಪೆಟ್ಟಿಗೆ ಎಳೆದಳು. ಸುಕ್ಕು ಬಿಡುತ್ತ ಬಂತು. ಅಕ್ಷರ ಒಂದೊಂದೇ ಎದ್ದು ಕಂಡವು. ಎರಡೂ ಕಿವಿ ಸರಿಯಾಗಿವೆ.

ಅವನು ಸರಳಿನ ಆಚೆಯಿಂದ ನೋಡುತ್ತಿದ್ದ. ದಾರ ಮೂರು ಸಲ ಎಳೆದಳು. ಬಂದ.

"ಸೆಕ್ರೆಟರಿ ಕೇಳಿದ್ದು ಇದೇ ಅಲ್ವಾ?" ಎಂದಳು, ತುಟಿ ಚೆನ್ನಾಗಿ ಆಡಿಸುತ್ತ. "ಕಿವಿ ಸರಿಯಿದೆ ಅಂತ ಡಾಕ್ಟರ ಕಾಗದ. ಮೊಹರೂ ಇದೆ."

ಅವನು ಕಾಗದ ನೋಡಿದ, ಅವಳನ್ನು ನೋಡಿದ. ಬಕೆಟ್ ತಂದ ದಿನದ ಪೆಚ್ಚು ಮುಖ.

"ನನ್ನನ್ನ ಕಳ್ಳ ಅಂತ ಬರ್ದಿದಾರೆ ಕಣೇ ಅದ್ರಲ್ಲಿ."

"ಕೆಳಗಿನ ಸಾಲು ಯಾರು ಓದ್ತಾರೆ? ಮೇಲಿನದು ಓದಿ ಬಿಡ್ತಾರೆ. ಪಂಪಿನ ಕೋಣೆ ಉಳಿಯುತ್ತೆ ರೀ."

ಅವನು ಕಾಗದವನ್ನು ಮಡಚದೆ ಹಾಗೇ ಎರಡು ಅಂಗೈ ನಡುವೆ ಹಿಡಿದುಕೊಂಡು ಸ್ಟೂಲಿಗೆ ಹೋದ. ಸುಕ್ಕಾಗಬಾರದಲ್ಲ.

*

ಸೋಮವಾರ ಬೆಳಿಗ್ಗೆ ಸೆಕ್ರೆಟರಿಯ ಕಾರು ಹೊರಡಲು ಗೇಟಿನ ಬಳಿ ಬಂದು ನಿಂತಿತು. ಅದೇ ಹಾಲಿನವನು, ಅದೇ ತಾಯಂದಿರು, ಅದೇ ಮುದುಕಿ. ಮಿಲಿಟರಿ ಕಾರಿನ ಕಿಟಕಿಯ ಹತ್ತಿರ ಹೋಗಿ ಎರಡೂ ಕೈಯಲ್ಲಿ ಕಾಗದ ನೀಡಿದ. ದಾರ ಅವನ ಹೆಬ್ಬೆರಳಿನಿಂದ ಜೋಲುತ್ತಿತ್ತು.

ಸೆಕ್ರೆಟರಿ ಮೇಲಿನ ಸಾಲು ಓದಿದ. ಕೆಳಗಿನ ಸಾಲನ್ನೂ ಓದಿದ. ಬಾಗಿಲು ತೆಗೆದು ಕೆಳಗಿಳಿದ.

"ಬನ್ರೀ ಎಲ್ಲ, ಇಲ್ಲಿ ಬನ್ನಿ. ನಮ್ಮ ಮಿಲಿಟರಿ ಕಿವಿ ಸರಿಯಿದೆಯಂತೆ. ಸರ್ಕಾರಿ ಡಾಕ್ಟರೇ ಬರ್ದಿದಾರೆ. ಸೋಗು ಹಾಕಿದ್ದನಂತೆ, ಸೋಗು! ಪರಿಹಾರ ಹೊಡೆಯೋಕೆ!" ಮಿಲಿಟರಿಯ ಕಡೆ ತಿರುಗಿದ. ಈ ಸಲ ಮಾತುಗಳನ್ನು ಅವನ ಮುಖಕ್ಕೇ ಹೇಳಿದ, ಒಂದೂ ತಪ್ಪದ ಹಾಗೆ. "ಅಂದ್ರೆ ನನ್ನ ಹಾರ್ನ್ ನಿಂಗೆ ಕೇಳಿಸ್ತಿತ್ತು. ಕೇಳಿಸ್ಕೊಂಡೇ ತಿಕ ತಿರುಗಿಸಿ ನಿಂತಿದ್ದೆ. ಎಷ್ಟೋ ಕೊಬ್ಬು ನಿಂಗೆ, ಮುಂಡೇಮಗನೇ? ಕಿವುಡ ಆಗಿದ್ರೆ ಪಾಪ ಅನ್ಬಹುದಿತ್ತು."

ಯಾರೋ ಕಿಸಕ್ಕೆಂದರು.

"ಆಯ್ತು, ನಾನೂ ಮನುಷ್ಯನೇ. ಹೊಟ್ಟೆ ಮೇಲೆ ಹೊಡೆಯಲ್ಲ. ಇವರೆಲ್ಲರ ಮುಂದೆ ಒಂದೇ ಒಂದು ಮಾತು ಹೇಳು. 'ಕೇಳಿಸಿತ್ತು ಸಾರ್, ಬೇಕಂತಲೇ ತೆಗೀಲಿಲ್ಲ, ತಪ್ಪಾಯ್ತು.' ಅಷ್ಟೇ. ಕೆಲಸ ನಿಂದೇ, ಕೋಣೆ ನಿಂದೇ. ಹೇಳು."

ಗಾಡಿಯ ಹಿಂದೆ ಇಸ್ತ್ರಿಯವಳು ದಾರ ಹಿಡಿದಿದ್ದಳು. ಹದಿನಾಲ್ಕು ವರ್ಷ ಕೇಳಿಸಿತು ಕೇಳಿಸಿತು ಅಂದವನು. ಇನ್ನೊಂದು ಸಲ ಅಂದರೆ ಏನು ಕಳೆದುಹೋಗುತ್ತೆ? ಮೂರು ಸಲ ಎಳೆದಳು. ಉತ್ತರ ಕೊಡಿ.

ಹೆಬ್ಬೆರಳು ಅಲುಗಿತು. ಅವನು ಸರಳಿನ ಸಂದಿಯಿಂದ ಅವಳ ಕಡೆ ನೋಡಿದ. ಸಿಟ್ಟಿರಲಿಲ್ಲ, ಏನೂ ಇರಲಿಲ್ಲ ಆ ಕಣ್ಣಲ್ಲಿ. ಮತ್ತೆ ಮೂರು ಸಲ ಎಳೆದಳು. ಅವನು ಬಲಗೈಯಿಂದ ಗಂಟು ಬಿಚ್ಚತೊಡಗಿದ. ಮೂರು ವರ್ಷ ದಿನಾ ಕಟ್ಟಿ ಬಿಚ್ಚಿದ ಬೆರಳಿನ ಸುತ್ತ ಬಿಳಿಯ ಗೆರೆಯೊಂದು ಉಂಗುರದ ಹಾಗೆ ಕೂತಿತ್ತು. ಬಿಚ್ಚಿದ ತುದಿಯನ್ನು ನೆಲಕ್ಕೆ ಎಸೆಯಲಿಲ್ಲ. ಬಗ್ಗಿ ಸ್ಟೂಲಿನ ಕಾಲಿಗೆ ಸುತ್ತಿ, ಎರಡು ಗಂಟು ಹಾಕಿ, ಎಳೆದು ನೋಡಿದ. ಕುತ್ತಿಗೆಯಿಂದ ಕಾವಲಿನ ಸೀಟಿ ತೆಗೆದು ಸ್ಟೂಲಿನ ಮೇಲಿಟ್ಟ. ಗೇಟಿನ ಪಕ್ಕದ ಚಿಕ್ಕ ಬಾಗಿಲಿನಿಂದ ಹೊರಗೆ ಕಾಲಿಟ್ಟ.

"ಲೋ! ಮಾತಾಡ್ತಿರೋದು ನಿನ್ನ ಹತ್ರ ಕಣೋ! ಎಲ್ಲೋ ಹೋಗ್ತೀಯ? ಗೇಟ್ ತೆಗೆಯೋರ್ಯಾರು, ನಿಮ್ಮಪ್ಪನಾ?"

ಮಿಲಿಟರಿ ಅವಳ ಗಾಡಿಯ ಪಕ್ಕದಲ್ಲೇ ಹಾದ. "ರೀ," ಎಂದಳು. ಅವನು ಮುಂದೆ ನೋಡುತ್ತಿದ್ದ, ತುಟಿ ಅವನಿಗೆ ಕಾಣಲಿಲ್ಲ. ಕೈ ಚಾಚಿದರೆ ತೋಳು ಸಿಗುತ್ತಿತ್ತು. ಅವಳ ಒಂದು ಕೈಯಲ್ಲಿ ಕೆಂಡದ ಪೆಟ್ಟಿಗೆಯಿತ್ತು, ಇನ್ನೊಂದರಲ್ಲಿ ದಾರ.

ಸೆಕ್ರೆಟರಿ ಕಾರಿಗೆ ಹತ್ತಿ ಹಾರ್ನಿನ ಮೇಲೆ ಅಂಗೈ ಊರಿದ. ಅವಳ ಕೈ ತಾನಾಗಿಯೇ ದಾರ ಎಳೆಯಿತು. ಗೇಟಿನೊಳಗೆ ಖಾಲಿ ಸ್ಟೂಲು ಜಾರಿ ಬಂದು ಸರಳಿಗೆ ಬಡಿದು ಅಡ್ಡಬಿತ್ತು. ಸೀಟಿ ಉರುಳಿ ಚರಂಡಿಯ ಜಾಲರಿಯೊಳಗೆ ಬಿತ್ತು. ಹಾರ್ನ್ ನಿಲ್ಲಲಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದವರೆಲ್ಲ ತಿರುಗಿ ನೋಡಿದರು, ಮಹಡಿಯ ಕಿಟಕಿಗಳಿಂದ ತಲೆಗಳು ಇಣುಕಿದವು. ಅವಳು ಎಳೆಯುತ್ತಲೇ ಇದ್ದಳು, ಒಂದು, ಎರಡು, ಮೂರು, ಮತ್ತೆ ಮೂರು. ಮುಚ್ಚಿದ ಗೇಟಿನ ಸರಳಿಗೆ ಸ್ಟೂಲು ತಲೆ ಚಚ್ಚಿಕೊಳ್ಳುತ್ತಿತ್ತು.

ತಿರುಗಿ ನೋಡುತ್ತಿದ್ದ ಅಷ್ಟೂ ಮುಖಗಳ ಎದುರಿಗೆ, ಒಂದರ ತುಟಿಯನ್ನೂ ಓದದೆ, ಮಿಲಿಟರಿ ಹೋಗುತ್ತಿದ್ದ.